ಕೆನ್ನೆಯೊಳಗಿನ ಹಾಲು

ಆಗ ನನಗೆ ಇಪ್ಪತ್ತೆಂಟು. ಅದಾಗಿ ಅರವತ್ತು ವರ್ಷ ಕಳೆಯಿತು. ಗಂಡ ಸತ್ತವಳೆಂದು ಬಲ್ಮಠದ ಸೇವಾಕೇಂದ್ರದಲ್ಲಿ ಕೆಲಸ ಕೊಟ್ಟಿದ್ದರು. ಎರಡನೇ ಕ್ಲಾಸು ಕಲಿತವಳಿಗೆ ಸಿಗುವಂಥದ್ದೇ: ಪರದೇಶದಿಂದ ಬರುವ ಹಾಲಿನ ಪುಡಿಯನ್ನು ಬಿಸಿನೀರಿಗೆ ಕಲಸಿ ಮಕ್ಕಳಿಗೆ ಒಂದೊಂದು ಲೋಟ ಕೊಡುವುದು. ಹಂಚಿನ ಕಾರ್ಖಾನೆಗೆ ಬಂದ ಮಲಯಾಳಿಗಳ ಮಕ್ಕಳು, ತಮಿಳರ ಮಕ್ಕಳು, ರಸ್ತೆ ಕೆಲಸಕ್ಕೆ ಘಟ್ಟ ಇಳಿದು ಬಂದವರ ಮಕ್ಕಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಜಗಳಕ್ಕೆ ಮಾತ್ರ ಅದು ಅಡ್ಡಿಯಾಗಲಿಲ್ಲ. ಲೋಟದಲ್ಲಿ ಕುಡಿಯಲು ಬಾರದ ಕೂಸುಗಳಿಗೆ ಹಾಲು ಇರಲಿಲ್ಲ.

ಯಾರೋ ಹಾಲು ಒಯ್ದು ಹೋಟೆಲಿಗೆ ಮಾರಿದರಂತೆ. ಕೇಂದ್ರ ನೋಡಿಕೊಳ್ಳುತ್ತಿದ್ದ ಟೀಚರು ನನ್ನನ್ನು ಕರೆದರು.

"ಕಣ್ಣೆದುರೇ ಕುಡಿಸು ಮಾರಾಯ್ತಿ. ಒಂದು ತೊಟ್ಟು ಹೊರಗೆ ಹೋದರೆ ನಿನಗೆ ಇಲ್ಲಿ ಕೆಲಸ ಇಲ್ಲ."

ಘಟ್ಟದವರ ಹುಡುಗಿಯೊಬ್ಬಳು, ಏಳು ವರ್ಷದವಳಿರಬೇಕು, ಲೋಟ ಬರಿದು ಮಾಡಿ ಓಡುತ್ತಿದ್ದಳು. ಒಂದು ದಿನ ಅವಳ ಕೆನ್ನೆ ಉಬ್ಬಿದ್ದು ಕಂಡಿತು. ಜಡೆ ಹಿಡಿದು ನಿಲ್ಲಿಸಿದೆ.

"ಎಂತ ಉಂಟು ಬಾಯಲ್ಲಿ? ನುಂಗು!"

ತಲೆ ಅಲ್ಲಾಡಿಸಿದಳು. ಮೂಗು ಹಿಡಿದೆ. ನುಂಗಿದಳು.

"ಬಾಯಿ ತೆರೆ."

ತೆರೆದಳು. ಬರಿದಾಗಿತ್ತು. ಅಳಲಿಲ್ಲ, ಹೋದಳು.

ತನ್ನ ಮಗುವನ್ನು ಎತ್ತಿಕೊಂಡು ನಿಂತಿದ್ದ ಮಲಯಾಳಿ ಹೆಂಗಸೊಬ್ಬಳು, ಆ ಹುಡುಗಿಯ ಪಕ್ಕದ ಗುಡಿಸಲಿನವಳು, ಬಾಯಿ ಬಿಟ್ಟಳು.

"ಎಂತ ಮಾಡಿದಿರಿ ಅಕ್ಕಾ? ಅವಳ ಅಮ್ಮನಿಗೆ ಜ್ವರ, ಎದೆಯಲ್ಲಿ ಹಾಲಿಲ್ಲ. ಸಣ್ಣ ತಮ್ಮನ ಬಾಯಿಗೆ ಅವಳೇ ತನ್ನ ಬಾಯಿಂದ ಬಿಡುವುದು, ಹಕ್ಕಿ ಹಾಗೆ."

"ಮೊದಲೇ ಹೇಳಲಿಕ್ಕೆ ನಿನಗೆ ಎಂತ ದಾಡಿ?"

"ಹೇಳಿದರೆ ನೀವು ಬಿಡ್ತಿದ್ದಿರಾ?"

ಬಿಡುತ್ತಿರಲಿಲ್ಲ.

ಸಂಜೆ ಒಂದು ತಂಬಿಗೆ ಹಾಲನ್ನು ಸೆರಗಿನಡಿ ಇಟ್ಟುಕೊಂಡು ಅವರ ಗುಡಿಸಲಿಗೆ ಹೋದೆ. ಕೂಸು ಮಧ್ಯಾಹ್ನವೇ ಹೋಗಿತ್ತು. ಗಂಡಸರು ಮಣ್ಣು ಮಾಡಿ ಬಂದು ಕಾಲು ತೊಳೆಯುತ್ತಿದ್ದರು. ಒಂದು ಬಾಯಿ ಹಾಲು ತಪ್ಪಿದ್ದಕ್ಕೆ ಕೂಸು ಸಾಯುವುದಿಲ್ಲ. ಅದು ನನಗೆ ಗೊತ್ತು. ಮೂಲೆಯಲ್ಲಿ ಕೂತಿದ್ದ ಆ ಹುಡುಗಿಗೆ ಗೊತ್ತಿರಲಿಲ್ಲ. ನಾನು ಹೇಳಬಹುದಿತ್ತು, ಹೇಳಲಿಲ್ಲ. ಹಾಲನ್ನು ತಾಯಿಯ ಚಾಪೆಯ ಪಕ್ಕ ಇಟ್ಟು ಬಂದೆ.

ಮರುದಿನ ಬೆಳಿಗ್ಗೆ ಅವಳು ಸಾಲಿನಲ್ಲಿದ್ದಳು. ನಿಂತಲ್ಲೇ ನಿಧಾನವಾಗಿ ಕುಡಿದಳು. ನಾನು ಕೇಳುವ ಮೊದಲೇ ಬಾಯಿ ತೆರೆದು ತೋರಿಸಿದಳು. ನೋಡಿದೆ. ಲೋಟ ತೊಳೆದು ಹಿಂದೆ ನಿಂತವರಿಗೆ ಹಾಲು ತುಂಬಿಸಿದೆ.