ಬಿಚ್ಚದ ಬುತ್ತಿ

ಹುಲುಗಮ್ಮ ಕುವೈತಿನಿಂದ ಬಂದು ವಾರವೂ ಆಗಿರಲಿಲ್ಲ, ಊರಿನವರು ಕೇಳಲು ಶುರು ಮಾಡಿದರು: "ಮತ್ತ ಯಾವಾಗ ಹೊಂಟಿ?" ನಮ್ಮ ತಂಬ್ರಹಳ್ಳಿಯಲ್ಲಿ ಪರವೂರಿನಿಂದ ಬಂದವರನ್ನು ಮಾತನಾಡಿಸುವುದೇ ಹೀಗೆ. ಬಸ್ಸು ಇಳಿಯುವುದರೊಳಗೆ ವಾಪಸ್ ಹತ್ತಿಸುವ ಮಂದಿ. ನಾನು ಸುಕನ್ಯಾ, ಅವಳ ಎದುರು ಮನೆಯವಳು, ಬಾಗಿಲಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡವಳು. ದಿನವೂ ಅದೇ ಪ್ರಶ್ನೆ ಕೇಳಿ ಕೇಳಿ ನನಗೇ ತಲೆ ಕೆಟ್ಟಿತ್ತು. ಹುಲುಗಮ್ಮ ಮಾತ್ರ ಬೇಸರವಿಲ್ಲದೆ ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು, "ಇನ್ನ ಹೋಗಂಗಿಲ್ಲ. ಮಗಳ ಬಾಣಂತನ ಐತಿ."

ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಊರು ಬಿಟ್ಟಾಗ ಹುಲುಗಮ್ಮನ ಮಗಳು ಸುಮಂಗಲಾ ಅಂಗನವಾಡಿಗೆ ಹೋಗುವ ಕೂಸು. ಅದನ್ನು ಕೊಟ್ಟೂರಿನಲ್ಲಿದ್ದ ಅಕ್ಕ ಮೈಲಮ್ಮನ ಮಡಿಲಿಗೆ ಹಾಕಿ, ಹುಲುಗಮ್ಮ ಮನೆಗೆಲಸಕ್ಕೆಂದು ಕುವೈತಿಗೆ ಹೋದಳು. ರಜೆಗೆ ಬಂದಾಗಲೆಲ್ಲ "ಇದೇ ಕಡೀ ಸಲ" ಎನ್ನುವಳು. ಅಷ್ಟರಲ್ಲಿ ಮಗಳ ಕಾಲೇಜು, ಮನೆಯ ಬುನಾದಿ, ಮಗಳ ಮದುವೆ, ಏನಾದರೊಂದು ಎದುರಾಗಿ ಮತ್ತೆ ವಿಮಾನ ಹತ್ತುವಳು. ಹೋಗುವ ದಿನ ಮೈಲಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟು ಬಿಳಿ ಬಟ್ಟೆಯಲ್ಲಿ ಬುತ್ತಿ ಕಟ್ಟಿಕೊಡುವಳು. ಸುಮಂಗಲಾ ಬೆಳೆದ ಮೇಲೆ ಆ ರೊಟ್ಟಿಗಳನ್ನು ತಾನೇ ಬಡಿಯತೊಡಗಿದಳು. ತಾಯಿಗೆಂದು ಆ ಹುಡುಗಿ ಕಲಿತ ಅಡುಗೆ ಅದೊಂದೇ.

ಈ ಸಲ ಹುಲುಗಮ್ಮ ನಿಜಕ್ಕೂ ಉಳಿಯಲೆಂದೇ ಬಂದಿದ್ದಳು. ಒಳಕೋಣೆಗೆ ಸುಣ್ಣ ಹೊಡೆಸಿದಳು. ಬಾಣಂತಿ ಮಲಗಲು ಹೊಸ ಹೊರಸು, ಅದರ ಕೆಳಗೆ ಕೆಂಡ ಇಡಲು ಅಗ್ಗಿಷ್ಟಿಕೆ ತಂದಳು. ಬಾಣಂತಿ ತಿನ್ನುವ ಅಂಟಿನುಂಡಿಗೆ ಕೊಬ್ಬರಿ, ಉತ್ತತ್ತಿ, ಅಂಟು ಎಲ್ಲ ಡಬ್ಬಿ ಸೇರಿದವು.

"ಅಲ್ಲಿ ಮೇಡಮ್ಮಿನ ಕೂಸುಗಳಿಗೆಲ್ಲ ನಾನ ನೀರು ಎರದೀನಿ, ಸುಕನ್ಯಾ. ನನ್ನ ಮಗಳ ಕೂಸಿಗೆ ಎರೀದಿದ್ರ ಈ ಕೈ ಯಾತಕ್ಕ ಬೇಕು?" ಎಂದಳು ಒಂದು ದಿನ.

ಏಳನೆಯ ತಿಂಗಳ ಕುಬಸಕ್ಕೆ ಹರಪನಹಳ್ಳಿಗೆ, ಅಳಿಯನ ಮನೆಗೆ ಹೋದೆವು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿದ ಮೇಲೆ ಚೊಚ್ಚಲ ಬಸುರಿಯನ್ನು ತವರಿಗೆ ಕರೆದುಕೊಂಡು ಹೋಗುವುದು ಪದ್ಧತಿ. ಹುಲುಗಮ್ಮ ಅದಕ್ಕೆಂದೇ ಕಾರು ಮಾಡಿಸಿಕೊಂಡು ಬಂದಿದ್ದಳು. ಊಟವಾದ ಮೇಲೆ ಸುಮಂಗಲಾ ತಾಯಿಯ ಪಕ್ಕಕ್ಕೆ ಬಂದು ಕೂತಳು.

"ಅವ್ವಾ, ನಾ ದೊಡ್ಡವ್ವನ ಕೂಡ ಕೊಟ್ಟೂರಿಗೆ ಹೋಗ್ತೀನಿ."

"ಯಾಕವ್ವಾ? ಖೋಲಿ ಮಾಡಿಸೀನಿ, ಎಲ್ಲಾ ತಂದಿಟ್ಟೀನಿ."

"ನೀ ಪ್ರತಿ ಸಲ ಹೋಗಂಗಿಲ್ಲ ಅಂದಿ, ಪ್ರತಿ ಸಲ ಹೋದಿ. ನಾ ಹಸಿ ಬಾಣಂತಿ ಇದ್ದಾಗ ನಿನಗ ಅಲ್ಲಿಂದ ಫೋನ್ ಬಂದ್ರ ಏನ್ ಮಾಡ್ಲಿ?"

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸಿಟ್ಟು ಮಾಡಿದ್ದರೆ ಹುಲುಗಮ್ಮ ರಮಿಸಿಯಾದರೂ ಕರೆತರುತ್ತಿದ್ದಳು. ನಾನು ಮೈಲಮ್ಮನನ್ನು ದುರುಗುಟ್ಟಿ ನೋಡಿದೆ, ಆ ಹೆಂಗಸೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಾಕಿದವಳನ್ನು ಬೈಯುವುದಾದರೂ ಹೇಗೆ?

ಹೊರಡುವಾಗ ಸುಮಂಗಲಾ ಒಳಗಿನಿಂದ ಬಿಳಿ ಬಟ್ಟೆಯ ಗಂಟು ತಂದು ತಾಯಿಯ ಕೈಗೆ ಕೊಟ್ಟಳು. ಏಳು ತಿಂಗಳ ಬಸುರಿ ಒಲೆ ಮುಂದೆ ಕೂತು ಬಡಿದ ರೊಟ್ಟಿ. "ತಿಂಗಳಾದ್ರೂ ಕೆಡಂಗಿಲ್ಲ. ಹೋಗಾಗ ದಾರಿಗೆ ಆಗ್ತಾವು" ಎಂದಳು.

ಖಾಲಿ ಕಾರಿನಲ್ಲಿ ವಾಪಸ್ ಬಂದೆವು. ಹುಲುಗಮ್ಮ ಆ ಬುತ್ತಿಯನ್ನು ಬಾಣಂತಿ ಕೋಣೆಯ ಗೂಟಕ್ಕೆ ತೂಗುಹಾಕಿದಳು. ತಿನ್ನು ಎಂದರೆ ಒಪ್ಪಲಿಲ್ಲ.

"ಇದು ದಾರಿ ಬುತ್ತಿ. ಬಿಚ್ಚಿದ್ರ ಹೊಂಟಂಗ. ಆಕಿ ಬಂದಾಗ ಗಂಟು ಹಂಗ ಇರಬೇಕು. ನೋಡಿ ಆಕಿ ತಾನ ತಿಳ್ಕೋಬೇಕು, ಅವ್ವ ಹೋಗಂಗಿಲ್ಲ ಅಂತ."

ಹೆಣ್ಣು ಕೂಸು ಹುಟ್ಟಿತು. ಹುಲುಗಮ್ಮ ಅಂಟಿನುಂಡಿ ಕಟ್ಟಿಕೊಂಡು ಕೊಟ್ಟೂರಿಗೆ ಹೋದಳು. ಕೂಸಿಗೆ ಮೈಲಮ್ಮ ಎರೆದಳಂತೆ, ಇವಳು ನೀರು ಕಾಸಿ ಕೊಟ್ಟಳಂತೆ. ಸಂಜೆ ಬಸ್ಸಿಗೆ ಮರಳಿ ಬಂದು ಇಷ್ಟನ್ನೇ ಹೇಳಿ ಬಾಗಿಲು ಹಾಕಿಕೊಂಡಳು. ಈ ನಡುವೆ ಕುವೈತಿನಿಂದ ಎರಡು ಮೂರು ಸಲ ಫೋನ್ ಬಂದದ್ದು ನನಗೆ ಗೊತ್ತು. ಬರುವುದಿಲ್ಲ ಎಂದು ಅವಳ ಅರೆಬರೆ ಅರಬ್ಬಿಯಲ್ಲಿ ಕೂಗಿ ಹೇಳಿದ್ದು ಓಣಿಗೆಲ್ಲ ಕೇಳಿಸಿತ್ತು. ಕೇಳಬೇಕಾದವಳಿಗೆ ಕೇಳಿಸಲಿಲ್ಲ.

ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗುವ ಮೊದಲು ಸುಮಂಗಲಾ ಒಂದು ಮಧ್ಯಾಹ್ನ ತಂಬ್ರಹಳ್ಳಿಗೆ ಬಂದಳು. ಹುಲುಗಮ್ಮ ನನ್ನನ್ನೂ ಕರೆದಳು. ಕೂಸನ್ನು ಎತ್ತಿಕೊಂಡು, ಮಗಳನ್ನು ನೇರ ಆ ಕೋಣೆಗೇ ಕರೆದೊಯ್ದಳು. ಗೂಟದ ಗಂಟಿನ ಬಟ್ಟೆ ಹಳದಿಗಟ್ಟಿತ್ತು, ಅಡಿಯಲ್ಲಿ ಹುಳ ಕೊರೆದ ಹಿಟ್ಟು ಉದುರಿತ್ತು. ಸುಮಂಗಲಾ ಅದನ್ನು ಇಳಿಸಿ ಬಿಚ್ಚಿದಳು, ಮುಖ ಸಣ್ಣದಾಯಿತು.

"ಒಂದ್ ತುಣುಕರ ಮುರ್ಕೊಂಡು ತಿಂದಿಲ್ಲಲ್ಲವ್ವಾ. ಸಂಕಟದಾಗೂ ಕುಂತು ಬಡಿದಿದ್ದೆ."

ನಾನು ಹೇಳಲು ಬಾಯಿ ತೆರೆದೆ. ಹುಲುಗಮ್ಮ ನನ್ನ ಕೈ ಗಟ್ಟಿಯಾಗಿ ಒತ್ತಿದಳು. ಆ ಹೊತ್ತಿಗೆ ಏನು ಹೇಳಿದರೂ ನೆಪವಾಗುತ್ತಿತ್ತು ಎಂದು ಅವಳಿಗೆ ಅನಿಸಿರಬೇಕು. ಸುಮಂಗಲಾ ರೊಟ್ಟಿಯನ್ನು ತಿಪ್ಪೆಗೆ ಸುರಿದು, ಬಟ್ಟೆ ಕೊಡವಿ ಮಡಿಚಿಟ್ಟಳು. ಚಹಾ ಕುಡಿದು, ಕೂಸನ್ನು ತೊಗೊಂಡು ಹೊಸ್ತಿಲು ದಾಟುವಾಗ ಕೇಳಿದಳು, "ಮತ್ತ ಯಾವಾಗ ಹೊಂಟಿ?"

ಹುಲುಗಮ್ಮ ಕೂಸಿನ ಕುಲಾವಿ ಸರಿಮಾಡಿದಳು.

"ನೋಡಬೇಕವ್ವಾ" ಎಂದಳು.