ಎರಡು ಲಿಂಗ ಕಟ್ಟಿಕೊಂಡವರು

ನಮ್ಮ ಪಲ್ಟನ್ನಿನ ಧರ್ಮಗುರುಗಳು ಜೇವರ್ಗಿ ಹತ್ತಿರದ ಅಂದೋಲಾ ಕಡೆಯವರು. ಅದೇ ಜಿಲ್ಲೆಯ ಹಿರೋಳ್ಳಿಯಿಂದ ಸೈನ್ಯ ಸೇರಿದ್ದ ನನಗೆ ಅಷ್ಟು ದೂರದ ಗಡಿಯಲ್ಲಿ ಅವರ ಮಾತೇ ಊರಾಗಿತ್ತು. ಯಾರಾದರೂ ಬಳಿಗೆ ಹೋದರೆ ಮೊದಲು ಕೈಗಡಿಯಾರ ಬಿಚ್ಚಿಡುವರು. "ಹೇಳಪಾ, ನನಗೇನ್ ಗಡಬಡಿ ಇಲ್ಲ" ಎನ್ನುವರು.

ಒಂದು ಬೆಳಗಿನ ಮಂಜಿನಲ್ಲಿ ನಾನು ಗುಂಡು ಹಾರಿಸಿದೆ. ಬಿದ್ದವನ ಕೈಯಲ್ಲಿ ಬಂದೂಕಿರಲಿಲ್ಲ, ಮೇಕೆಯ ಹಗ್ಗವಿತ್ತು. ನಿನ್ನದೇನೂ ತಪ್ಪಿಲ್ಲವೆಂದು ಎಲ್ಲರೂ ಬೆನ್ನು ತಟ್ಟಿದರು. ದಿನವೂ ಅಂಗೈಯಲ್ಲಿಟ್ಟು ಪೂಜಿಸುತ್ತಿದ್ದ ಇಷ್ಟಲಿಂಗವನ್ನು ಕೊರಳಿನಿಂದ ತೆಗೆದು ಗುರುಗಳ ಮುಂದಿಟ್ಟೆ.

"ಈ ಕೈಯಾಗ ಹ್ಯಾಂಗ ಹಿಡೀಲ್ರಿ?"

ತಪ್ಪಿಲ್ಲ ಎಂದು ಅವರು ಅನ್ನಲಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಧರಿಸುವ ಪದ್ಧತಿ ನಮ್ಮಲ್ಲಿಲ್ಲ. ಗೊತ್ತಿದ್ದೂ ಅದನ್ನು ತಮ್ಮ ಕೊರಳಿಗೇ ಕಟ್ಟಿಕೊಂಡರು.

"ನೀ ಕೇಳೋತನ ಇಲ್ಲಿರ್ಲಿ. ನನಗೇನ್ ಗಡಬಡಿ ಇಲ್ಲ."

ಕೇಳಲು ನನಗೆ ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರು ನಿವೃತ್ತರಾಗಿ ಊರು ಸೇರಿದ್ದರು. ರಜೆಯಲ್ಲಿ ಜೇವರ್ಗಿ ಬಸ್ಸು ಹತ್ತಿ ಹೋದೆ. ಮನೆಯ ಕಟ್ಟೆಯ ಮೇಲೆ ಬರಿಮೈಯಲ್ಲಿ ಕುಳಿತಿದ್ದರು. ಎದೆಯ ಮೇಲೆ ಲಿಂಗವಿಡುವ ಕರಡಿಗೆ ಎರಡು ತೂಗುತ್ತಿದ್ದವು. ಊರವರು ಏನೇನು ಆಡಿಕೊಂಡಿದ್ದರೋ, ಅವರು ಹೇಳಲಿಲ್ಲ. ನನ್ನನ್ನು ಕಂಡದ್ದೇ ಕೈಗಡಿಯಾರ ಬಿಚ್ಚಿಟ್ಟರು.

"ನನ್ನ ಲಿಂಗ ಕೇಳಲಾಕ ಬಂದೀನ್ರಿ. ಈಗರ ನಂದು ತಪ್ಪಿಲ್ಲ ಅಂತೀರೇನ್ರಿ?" ಎಂದೆ.

"ಅನ್ನಂಗಿಲ್ಲಪಾ." ನನ್ನ ಎಡಗೈ ಎಳೆದುಕೊಂಡು ಲಿಂಗವನ್ನಿಟ್ಟರು. "ಆ ಸತ್ತಂವನ್ನ ಮರತು ಹಿಡೀಬ್ಯಾಡ. ಅಂವನ್ನೂ ಕೂಡೇ ಹಿಡಿ."

ಇಂದಿಗೂ ಬೆಳಿಗ್ಗೆ ಪೂಜೆಗೆ ಅಂಗೈ ತೆರೆದರೆ ಮೊದಲು ಕಾಣುವುದು ಆ ಹಗ್ಗ, ಆಮೇಲೆ ಲಿಂಗ.