ನೀಲಿಯಲ್ಲಿ ಕಾಣದ ನಲವತ್ತೊಂದು

ವೀಕ್ಷಣಾಲಯದಲ್ಲಿ ಎಲ್ಲರೂ ಆಕೆಯನ್ನು ಪೊರಕೆ ಅಕ್ಕ ಎನ್ನುತ್ತಿದ್ದರು. ಆಕೆ ನೆಲ ಗುಡಿಸುವವಳಲ್ಲ, ಕಂಪ್ಯೂಟರಿನ ಮುಂದೆ ಕೂತು ಆಕಾಶವನ್ನೇ ಗುಡಿಸುವವಳು. ದೂರದರ್ಶಕ ಒಂದೇ ಜಾಗದ ಚಿತ್ರವನ್ನು ನೀಲಿ, ಹಸಿರು, ಕೆಂಪು ಗಾಜುಗಳ ಮೂಲಕ ತೆಗೆಯುತ್ತಿತ್ತು. ಮೂರರಲ್ಲೂ ಕಂಡ ಚುಕ್ಕಿ ಗೆಲಾಕ್ಸಿ, ಒಂದರಲ್ಲೇ ಕಂಡದ್ದು ಕ್ಯಾಮೆರಾದ ಕೊಳೆ. ಇದು ಅಕ್ಕನ ಕಾನೂನು.

"ಮೂರು ಸಾಕ್ಷಿ ಇಲ್ದೋರಿಗೆ ಗಲ್ಲು!" ಎಂದು ಒಂದು ಕ್ಲಿಕ್, ಚುಕ್ಕಿ ಅಳಿಸಿಹೋಗುತ್ತಿತ್ತು. ಚಕ್ರವರ್ತಿಗಳು ಊರು ಸುಟ್ಟರೆ ಹೊಗೆಯಾದರೂ ಏಳುತ್ತದೆ. ಅಕ್ಕ ಊಟದ ಹೊತ್ತಿಗೆ ನೂರು ಚುಕ್ಕಿ ಮುಗಿಸಿ, ಕೈ ಕೂಡ ತೊಳೆಯದೆ ಡಬ್ಬಿ ಬಿಚ್ಚುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ ಎಂಬುದೇ ಆಕೆಯ ಕಿರೀಟ.

ಅಂದು ಸಂಜೆ ಐದಕ್ಕೆ ಉಳಿದ ಚುಕ್ಕಿಗಳ ಪಟ್ಟಿ ಹೋಗಬೇಕಿತ್ತು. ಪಟ್ಟಿಯಲ್ಲಿದ್ದ ಚುಕ್ಕಿಗಳತ್ತ ಮಾತ್ರ ದೊಡ್ಡ ದೂರದರ್ಶಕ ತಿರುಗುತ್ತದೆ. ಬಿಟ್ಟು ಹೋದದ್ದನ್ನು ಮತ್ತೆ ಯಾರೂ ಕೇಳುವುದಿಲ್ಲ.

ಮೂರು ಗಂಟೆಗೆ ಕೆಂಪು ಚಿತ್ರದಲ್ಲೊಂದು ಚುಕ್ಕಿ ಸಿಕ್ಕಿತು. ಹಸಿರಿನಲ್ಲಿಲ್ಲ, ನೀಲಿಯಲ್ಲೂ ಇಲ್ಲ. ಅಳಿಸಲು ಬೆರಳು ಎತ್ತಿಯಾಗಿತ್ತು. ಯಾಕೋ ಹಳೆಯ ಕೆಂಪು ಚಿತ್ರ ತೆರೆದಳು. ಅಲ್ಲೂ ಅದೇ ಜಾಗದಲ್ಲಿ ಇತ್ತು. ಅದಕ್ಕೂ ಹಿಂದಿನ ವರ್ಷದ್ದರಲ್ಲೂ ಇತ್ತು. ಕೊಳೆ ಹಾಗೆ ಆಕಾಶದ ಒಂದೇ ಜಾಗದಲ್ಲಿ ಕಾದು ಕೂರುವುದಿಲ್ಲ. ನೀಲಿಯಲ್ಲಿ ಆ ಜಾಗ ನೋಡಿದರೆ ಯಾರೋ ಅಂಗೈ ಅಡ್ಡ ಹಿಡಿದಷ್ಟು ಕಪ್ಪು.

"ಮೇಡಂ, ಸ್ವಲ್ಪ ಬರ್ತೀರಾ?"

ಪಕ್ಕದ ಕೋಣೆಯ ವಿಜ್ಞಾನಿ ಮೇಡಂ ಬಂದು ನೋಡಿ, ಬೇರೊಂದು ದೂರದ ಗೆಲಾಕ್ಸಿಯಿಂದ ಯಾವ ಬಣ್ಣದ ಬೆಳಕು ಎಷ್ಟು ಬಂದಿದೆ ಎಂದು ತೋರಿಸುವ ನಕ್ಷೆ ತೆರೆದರು. ಕೆಂಪು ಕಡೆ ಗೆರೆ ಎತ್ತರಕ್ಕಿತ್ತು. ನೀಲಿ ಕಡೆಗೆ ಬಂದಂತೆ ಮೈತುಂಬ ಹಲ್ಲಿನ ಗುರುತು, ಆಮೇಲೆ ಏನೂ ಇಲ್ಲ.

"ಇದನ್ಯಾರು ಕಚ್ಚಿದ್ದು?"

"ಜಲಜನಕ, ಅಕ್ಕ. ಗೆಲಾಕ್ಸಿಗಳ ನಡುವೆ ತೆಳ್ಳಗೆ ಹರಡಿದೆ. ಅದು ತಿನ್ನೋದು ಒಂದೇ ಬಣ್ಣ."

"ಒಂದೇ ಆದ್ರೆ ಮಿಕ್ಕಿದ್ದೆಲ್ಲಿ?"

"ಜಗತ್ತು ಹಿಗ್ತಾ ಇದೆಯಲ್ಲ, ಬೆಳಕು ಬರ್ತಾ ಬರ್ತಾ ಕೆಂಪಿನ ಕಡೆ ಜಾರುತ್ತೆ. ಈ ಮೋಡದಿಂದ ತಪ್ಪಿಸ್ಕೊಂಡ ಬಣ್ಣ ಅದು ತಿನ್ನೋ ಬಣ್ಣಕ್ಕೇ ಜಾರಿ, ಮುಂದಿನ ಮೋಡದ ಬಾಯಿಗೆ ಬೀಳುತ್ತೆ. ತುಂಬಾ ದೂರದ್ದಾದ್ರೆ, ನಿಮ್ಮ ಚುಕ್ಕಿ ಥರ, ನೀಲಿ ಹಸಿರು ಎರಡೂ ಖಾಲಿ."

"ನಡುವೆ ಏನೂ ಇಲ್ಲ ಅಂದ್ಕೊಂಡಿದ್ದೆ."

"ಎಲ್ರೂ ಹಾಗೇ ಅಂದ್ಕೊತಾರೆ."

ಅಕ್ಕ ನೀರು ಕುಡಿದಳು. "ಹಾಗಾದ್ರೆ ನಾನು ಗಲ್ಲಿಗೇರಿಸಿದ್ದು..."

ಅಳಿಸಿದವುಗಳ ದಾಖಲೆ ತೆರೆದು, ಎರಡಕ್ಕಿಂತ ಹೆಚ್ಚು ಕೆಂಪು ಚಿತ್ರಗಳಲ್ಲಿ ಒಂದೇ ಜಾಗದಲ್ಲಿ ಕಂಡವುಗಳನ್ನು ಇಬ್ಬರೂ ಹೆಕ್ಕಿದರು. ನಲವತ್ತೊಂದು.

"ಕೆಲವು ತಣ್ಣಗಿನ ನಕ್ಷತ್ರಗಳೂ ಇರಬಹುದು," ಎಂದರು ಮೇಡಂ. "ದೊಡ್ಡ ದೂರದರ್ಶಕಾನೇ ಹೇಳ್ಬೇಕು. ಆದ್ರೆ ಸೇರಿಸಿದ್ರೆ, ಇಷ್ಟು ವರ್ಷ ಯಾಕೆ ಬಿಟ್ರಿ ಅಂತ ಕೇಳ್ತಾರೆ. ಐದಕ್ಕೆ ಹತ್ತು ನಿಮಿಷ ಇದೆ, ಯೋಚ್ನೆ ಮಾಡಿ."

ಸುಮ್ಮನಿದ್ದರೆ ಕಿರೀಟ ತಲೆಯ ಮೇಲೇ ಇರುತ್ತಿತ್ತು. ಆದರೆ ಪರದೆಯ ಮೇಲೆ ನಲವತ್ತೊಂದು ಕೆಂಪು ಚುಕ್ಕಿಗಳು, ಅಳಿಸಿದವಳ ಮುಖವನ್ನೇ ನೋಡುತ್ತಿದ್ದವು. ನೀಲಿ ಚಿತ್ರಕ್ಕೆ ಬದಲಾಯಿಸಿದಳು. ಎಲ್ಲವೂ ಮಾಯ. ಆದರೂ ಅವು ಅಲ್ಲೇ ಇವೆಯೆಂದು ಈಗ ಗೊತ್ತು.

ನಲವತ್ತೊಂದನ್ನೂ ಸೇರಿಸಿ, ಷರಾದ ಜಾಗದಲ್ಲಿ "ಇವು ಕೊಳೆಯಲ್ಲ. ತಪ್ಪಾಗಿ ಅಳಿಸಿದವಳು ನಾನು" ಎಂದು ಟೈಪಿಸಿ, ಐದಕ್ಕೆ ಎರಡು ನಿಮಿಷವಿರುವಾಗ ಕಳಿಸಿದಳು.

ಆಮೇಲೆ ಕುರ್ಚಿಯನ್ನು ಮೆಲ್ಲಗೆ ಹಿಂದೆ ಸರಿಸಿದಳು. ಪರದೆಗೂ ತನಗೂ ನಡುವೆ ಇದ್ದದ್ದು ಎರಡು ಗೇಣು ಖಾಲಿ ಜಾಗ. ಅಲ್ಲೂ ಏನೋ ಹರಡಿರುವಂತೆ, ಅದಕ್ಕೆ ಮೈ ತಾಗಿಸದೆ, ಸುತ್ತಿಕೊಂಡು ಎದ್ದುಹೋದಳು.